ಮಗಳ ಬೆವರಿನ ವಾಸನೆ: ಗದರಬೇಡಿ, ಕೂತು ಮಾತಾಡಿ

ಒಂಬತ್ತು-ಹತ್ತು ವರ್ಷದ ಮಗಳ ಕಂಕುಳಿನಿಂದ ಬೆವರಿನ ವಾಸನೆ ಬರ್ತಿದೆಯಾ? ‘ಸರಿಯಾಗಿ ಸ್ನಾನ ಮಾಡಲ್ವಾ?’ ಎಂದು ಗದರುವ ಮುನ್ನ ಕಾರಣ ತಿಳಿಯಿರಿ.

ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ ಪ್ರೌಢಾವಸ್ಥೆ ಶುರುವಾಗುತ್ತದೆ. ಆಗ ಹಾರ್ಮೋನುಗಳಿಂದ ಕಂಕುಳಿನ ಬೆವರು ಗ್ರಂಥಿಗಳು ಚುರುಕಾಗುತ್ತವೆ. ಈ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಒಡೆದಾಗ ವಾಸನೆ ಹುಟ್ಟುತ್ತದೆ. ಇದು ಕೊಳಕುತನವಲ್ಲ, ಬೆಳವಣಿಗೆ. ಇದನ್ನೇ ಮಗಳಿಗೂ ಹೇಳಿ. ಇಲ್ಲದಿದ್ದರೆ ನಾಚಿಕೆಗೆ ಅವಳು ಆಟವನ್ನೇ ಬಿಟ್ಟುಬಿಡಬಹುದು.

ದಿನಾ ಸ್ನಾನ ಮಾಡುವಾಗ ಕಂಕುಳಿಗೆ ಸೋಪು ಹಚ್ಚಿ ತೊಳೆದು, ಚೆನ್ನಾಗಿ ಒರೆಸಿಕೊಳ್ಳಲಿ. ಹತ್ತಿಯ ಒಳಉಡುಪು ಒಳ್ಳೆಯದು. ಬೆವರಿದ ಯೂನಿಫಾರ್ಮನ್ನು ಒಗೆಯದೆ ಮರುದಿನ ಹಾಕುವುದು ಬೇಡ. ಡಿಯೋಡರೆಂಟ್ ವಾಸನೆ ತಗ್ಗಿಸುತ್ತದೆ, ಸ್ನಾನಕ್ಕೆ ಬದಲಿಯಲ್ಲ.

ಸ್ತನ ಮೂಡಲು ಶುರುವಾದ ಸುಮಾರು 2-3 ವರ್ಷಕ್ಕೆ ಮುಟ್ಟು ಬರುತ್ತದೆ. ಹಾಗಾಗಿ ಬೆವರಿನ ಮಾತು ಬಂದಾಗಲೇ ಮುಟ್ಟಿನ ಬಗ್ಗೆಯೂ ಹೇಳಿಡಿ. ಏನೂ ಗೊತ್ತಿಲ್ಲದೆ ಶಾಲೆಯಲ್ಲಿ ರಕ್ತ ಕಂಡರೆ ಮಗು ಹೆದರಿಬಿಡುತ್ತೆ.

8 ವರ್ಷಕ್ಕೂ ಮೊದಲೇ ಈ ಬದಲಾವಣೆ ಕಂಡರೆ, ಅಥವಾ 13 ತುಂಬಿದರೂ ಸ್ತನ ಬೆಳವಣಿಗೆ ಶುರುವಾಗದಿದ್ದರೆ ವೈದ್ಯರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ ಕ್ಲಿನಿಕ್’ನಲ್ಲಿ ಹದಿಹರೆಯದವರಿಗೆ ಸಲಹೆ ಸಿಗುತ್ತದೆ.