ಬಾಟಲಿಯೊಳಗಿನ ತುಂಗಭದ್ರೆ

ಮಲೆಬೆನ್ನೂರಿನಲ್ಲಿ ಮನೆ ಕಟ್ಟಿಸುತ್ತಿರುವ ಓದುಗರೊಬ್ಬರ ಪ್ರಶ್ನೆ: ಮೇಸ್ತ್ರಿ ಹಿಡಿ ಮರಳನ್ನು ನೀರಿನ ಬಾಟಲಿಗೆ ಹಾಕಿ ಕುಲುಕಿ, ‘ಈ ಲೋಡು ಬೇಡ, ಮಣ್ಣು ಜಾಸ್ತಿ’ ಎಂದರಂತೆ. ನಂಬಬಹುದೇ?

ಧಾರಾಳವಾಗಿ. ಮರಳಿನ ಗಾತ್ರ ತಿಳಿಯಲು ಜರಡಿಯೇ ಬೇಕೆಂದಿಲ್ಲ, ಗಡಿಯಾರ ಸಾಕು. 20 ಸೆಂಟಿಮೀಟರ್ ಆಳದ ನೀರಿನಲ್ಲಿ 1 ಮಿ.ಮೀ. ಮರಳು ಒಂದೆರಡು ಸೆಕೆಂಡಿಗೆ ತಳ ಮುಟ್ಟುತ್ತದೆ. 0.1 ಮಿ.ಮೀ. ಆದರೆ ಅರ್ಧ ನಿಮಿಷದ ಹತ್ತಿರ. 0.01 ಮಿ.ಮೀ. ಗೋಡಿಗೆ ಅರ್ಧ ಗಂಟೆ ಬೇಕು, 0.001 ಮಿ.ಮೀ. ಜೇಡಿಗೆ ಎರಡು ದಿನವೂ ಸಾಲದು.

ಭದ್ರಾ ನಾಲೆಯ ನೀರುಂಡ ಬತ್ತದ ಸೀಮೆಯವರಿಗೆ ಇದು ಹೊಸದಲ್ಲ. ಕಣದಲ್ಲಿ ತೂರುವಾಗ ಗಟ್ಟಿಕಾಳು ಕಾಲಬುಡದಲ್ಲೇ ಬೀಳುತ್ತದೆ, ಜೊಳ್ಳು ಅಷ್ಟು ದೂರ, ಹೊಟ್ಟು ಇನ್ನೂ ಆಚೆ. ಅಲ್ಲಿ ಗಾಳಿ ಮಾಡುವುದನ್ನು ಹರಿಹರದಲ್ಲಿ ತುಂಗಭದ್ರೆ ಮಾಡುತ್ತಾಳೆ. ಹರಿವು ಸೋತಲ್ಲಿ ದಪ್ಪ ಮರಳನ್ನು ಇಳಿಸಿ, ಕೆಂಪು ಗೋಡನ್ನು ಹೊತ್ತು ಮುಂದೆ ಸಾಗುತ್ತಾಳೆ. ನೀರು ನಿಂತ ಮೇಲೆ, ಹೊಸಪೇಟೆಯ ಜಲಾಶಯದಲ್ಲಿ, ಅದೂ ತಳ ಸೇರುತ್ತದೆ. 1953ರಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ಆ ಜಲಾಶಯ ಈಗ ಹಿಡಿಯುವುದು 105ರ ಆಸುಪಾಸು.

ಈ ಬೀಳುವಿಕೆಗೆ ಲೆಕ್ಕ ಕೊಟ್ಟವರು ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್, 1851ರಲ್ಲಿ. ಅವರು ಹೊರಟದ್ದು ಮರಳಿನ ಬೆನ್ನುಹತ್ತಿ ಅಲ್ಲ, ಲೋಲಕವನ್ನು ಗಾಳಿ ಎಷ್ಟು ತಡೆಯುತ್ತದೆಂದು ತಿಳಿಯಲು. ಸಣ್ಣ ಗೋಳದ ಗಾತ್ರ ಹತ್ತು ಪಟ್ಟಾದರೆ ಬೀಳುವ ವೇಗ ನೂರು ಪಟ್ಟು ಎನ್ನುತ್ತದೆ ಅವರ ಸೂತ್ರ. ಮೋಡದ ಹನಿಗಳು ಯಾಕೆ ತೇಲುತ್ತವೆಂಬುದಕ್ಕೂ ಅವರು ಅದರಲ್ಲೇ ಉತ್ತರ ಕಂಡರು. ಮುಂದೆ ರಾಬರ್ಟ್ ಮಿಲಿಕನ್ ಎಲೆಕ್ಟ್ರಾನಿನ ವಿದ್ಯುದಂಶ ಅಳೆದದ್ದೂ ಎಣ್ಣೆಹನಿ ಬೀಳುವ ವೇಗ ನೋಡಿಯೇ! ದಪ್ಪ ಮರಳಿಗೆ ಮಾತ್ರ ಸೂತ್ರ ಒಗ್ಗುವುದಿಲ್ಲ. ಬೀಳುವಾಗ ಹಿಂದೆ ಸುಳಿ ಎದ್ದು ವೇಗ ತಗ್ಗುತ್ತದೆ.

ಮೇಸ್ತ್ರಿಯ ಪರೀಕ್ಷೆಗೆ ಬಂದರೆ, ಬಾಟಲಿಯ ನೀರಿಗೆ ಚೂರು ಉಪ್ಪು ಹಾಕಿ, ಮೂರು ಗಂಟೆ ಬಿಟ್ಟು ನೋಡಬೇಕು. ಜೇಡಿಯ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಬಿದ್ದರೆ ಆ ತಳ್ಳಾಟ ತಗ್ಗಿ, ಕಣಗಳು ಗುಂಪುಗೂಡಿ ಬೇಗ ಇಳಿಯುತ್ತವೆ. ಮೇಲಿನ ಗೋಡಿನ ಪದರ ಮರಳಿನ ಎತ್ತರದ ಶೇ. 8 ದಾಟಿದರೆ ಲೋಡು ವಾಪಸ್ ಕಳಿಸುವುದು ಕಟ್ಟಡದವರ ರೂಢಿ.

ಎಂ-ಸ್ಯಾಂಡ್‌ಗೆ, ಅಂದರೆ ಜಲ್ಲಿ ಪುಡಿಮಾಡಿದ ಮರಳಿಗೆ, ಇದೇ ತೀರ್ಪು ಕೊಡಬೇಡಿ. ಅದರ ಮೇಲೆ ಕೂರುವ ಪದರ ಬಹುಪಾಲು ಕಲ್ಲಿನ ಪುಡಿ. 75 ಮೈಕ್ರಾನ್‌ಗಿಂತ ಸಣ್ಣ ಪುಡಿ ನದಿ ಮರಳಿನಲ್ಲಿ ತೂಕದ ಶೇ. 3ರಷ್ಟು ಇರಬಹುದೆನ್ನುವ ಭಾರತೀಯ ಮಾನಕವೇ ಇಂಥ ಮರಳಿಗೆ ಶೇ. 15ರವರೆಗೆ ಒಪ್ಪಿದೆ.