ಬರೆದ ಮಾತಿಗೆ ಆಧಾರವಿದೆಯೇ?

ಹತ್ತನೇ ತರಗತಿಯ ಪ್ರಬಂಧಗಳನ್ನು ತಿದ್ದುತ್ತಿದ್ದೆ. ಒಬ್ಬ ವಿದ್ಯಾರ್ಥಿನಿ, "ಇಂದು ಎಲ್ಲ ಮಕ್ಕಳೂ ಮೊಬೈಲಿನಿಂದ ಹಾಳಾಗಿದ್ದಾರೆ" ಎಂದು ಆರಂಭಿಸಿದ್ದಳು. ಕರೆದು ಕೇಳಿದೆ, "ಎಲ್ಲರೂ ಎಂದರೆ ನೀನೂ ಸೇರಿದೆಯಾ?" ಅವಳು ನಕ್ಕಳು. "ಇಲ್ಲ ಟೀಚರ್, ನನ್ನ ತಮ್ಮ ಮಾತ್ರ ರಾತ್ರಿ ಹನ್ನೊಂದರವರೆಗೆ ಆಡುತ್ತಾನೆ." "ಹಾಗಾದರೆ ಅದನ್ನೇ ಬರೆ" ಎಂದೆ. ಮರುದಿನ "ನಾನು ಕಂಡ ಮಟ್ಟಿಗೆ, ಮೊಬೈಲ್ ಕೆಲವು ಮಕ್ಕಳ ನಿದ್ದೆ ಕೆಡಿಸುತ್ತಿದೆ" ಎಂದು ಬರೆದು ತಂದಳು. ಮಾತು ಚಿಕ್ಕದಾಯಿತು, ಆದರೆ ಗಟ್ಟಿಯಾಯಿತು.

ಅದೇ ವಾರ ಸಹೋದ್ಯೋಗಿ ಸಹೋದರಿಯೊಬ್ಬರು ತೆರಿಗೆ ವಿವರ ತುಂಬಲು ಮಗನ ಶಾಲೆಯ ರಸೀದಿ ತಂದರು. "ಆಪಾ, ಶಾಲೆಗೆ 48,000 ರೂಪಾಯಿ ಕಟ್ಟಿದ್ದೇನೆ, ಪೂರ್ತಿ ತೋರಿಸಬಹುದಲ್ಲವೇ?" ರಸೀದಿ ಬಿಡಿಸಿ ನೋಡಿದೆವು. ಬೋಧನಾ ಶುಲ್ಕ 30,000, ಬಸ್ಸಿಗೆ 9,000, ಸಮವಸ್ತ್ರಕ್ಕೆ 4,000, ದೇಣಿಗೆ 5,000. ಹಳೆಯ ತೆರಿಗೆ ಪದ್ಧತಿಯಲ್ಲಿ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ಮಾತ್ರ, ಇತರ ಉಳಿತಾಯಗಳೂ ಸೇರಿ ಒಂದೂವರೆ ಲಕ್ಷದ ಮಿತಿಯೊಳಗೆ, ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಅದೂ ಇಲ್ಲ. ಅವರು ತೋರಿಸಬಹುದಾದದ್ದು 30,000 ಮಾತ್ರ.

ಎರಡೂ ಕಡೆ ಪ್ರಶ್ನೆ ಒಂದೇ: ಹೇಳಿದ್ದಕ್ಕೆ ಆಧಾರವೇನು? ಆದರೆ ಒಂದು ವ್ಯತ್ಯಾಸವಿದೆ. ಪ್ರಬಂಧದಲ್ಲಿ 'ಕೆಲವರು', 'ಬಹುಶಃ', 'ನನಗೆ ತಿಳಿದಂತೆ' ಎಂದು ಮಾತಿಗೆ ಮಿತಿ ಹಾಕಬಹುದು. ತೆರಿಗೆಯ ಅಂಕಣದಲ್ಲಿ 'ಸುಮಾರು' ಎಂದು ಬರೆಯಲು ಜಾಗವಿಲ್ಲ. ಅಲ್ಲಿ ಸಂಖ್ಯೆಯೊಂದೇ ಇರುತ್ತದೆ. ಕೊನೆಗೆ, ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ಇದು ಸರಿ ಮತ್ತು ಪೂರ್ಣ ಎಂದು ನಾವು ದೃಢೀಕರಿಸುತ್ತೇವೆ. ಅದು ಅಡ್ಡಗೋಡೆಯ ಮೇಲಿನ ದೀಪವಲ್ಲ. ತಿಳಿದೂ ಸುಳ್ಳು ಬರೆದವರನ್ನು ಆ ಸಾಲು ಕಾಪಾಡುವುದಿಲ್ಲ.

ನಮ್ಮ ಸಂಬಂಧಿಕರೊಬ್ಬರಿಗೆ ಇದು ತಡವಾಗಿ ಅರ್ಥವಾಯಿತು. ಹೆಚ್ಚು ಹಣ ವಾಪಸ್ ಕೊಡಿಸುತ್ತೇನೆಂದ ಏಜೆಂಟನೊಬ್ಬ, ಅವರು ಕೊಡದ ದೇಣಿಗೆಯನ್ನು ಕೊಟ್ಟಂತೆ ತುಂಬಿದ್ದ. ನೋಟಿಸ್ ಬಂದಾಗ ಅವನ ಫೋನ್ ಸ್ವಿಚ್ ಆಫ್. "ನಾನು ಓದದೆ ಓಟಿಪಿ ಹೇಳಿದೆ ಅಷ್ಟೇ" ಎಂದು ಅತ್ತರು. ಆದರೆ ವಿವರ ಅವರ ಹೆಸರಿನದು, ಹೊಣೆಯೂ ಅವರದೇ. ತಪ್ಪು ಮಾಹಿತಿ ಕೊಟ್ಟದ್ದು ಸಾಬೀತಾದರೆ, ತಪ್ಪಿಸಿದ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು.

ಇಂಥವರು ಅವರೊಬ್ಬರೇ ಅಲ್ಲ. ಸುಳ್ಳು ವಿನಾಯಿತಿ ತುಂಬಿಸುವ ಮಧ್ಯವರ್ತಿಗಳ ಮೇಲೆ 2025ರ ಜುಲೈಯಲ್ಲಿ ಆದಾಯ ತೆರಿಗೆ ಇಲಾಖೆ ದೇಶದ ಹಲವೆಡೆ ಶೋಧ ನಡೆಸಿತು. ಅದಕ್ಕೆ ಹಿಂದಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ವಿವರ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಬೇಡಿಕೆಗಳನ್ನು ಹಿಂಪಡೆದಿದ್ದರೆಂದು ಇಲಾಖೆ ತಿಳಿಸಿತು. ತಪ್ಪನ್ನು ತಾವೇ ತಿದ್ದಿ ಹೆಚ್ಚುವರಿ ತೆರಿಗೆ ಕಟ್ಟುವ ಅವಧಿಯನ್ನು 2025ರಲ್ಲಿ ಎರಡು ವರ್ಷದಿಂದ ನಾಲ್ಕು ವರ್ಷಕ್ಕೆ ಏರಿಸಲಾಗಿದೆ.

ಸಹೋದರಿಯರೇ, ಶಾಲೆ, ವಿಮೆ, ಬಾಡಿಗೆಯ ರಸೀದಿಗಳಿಗೆ ಮನೆಯಲ್ಲಿ ಒಂದು ಫೈಲ್ ಮಾಡಿಡಿ. ಪತಿಯಾಗಲಿ, ಏಜೆಂಟನಾಗಲಿ ತುಂಬಿದ ವಿವರವನ್ನು ಓದದೆ ಓಟಿಪಿ ಕೊಡಬೇಡಿ. ಮಕ್ಕಳು "ಎಲ್ಲರೂ ಹಾಗೇ ಮಾಡುತ್ತಾರೆ" ಎಂದಾಗ "ಯಾರು? ಎಷ್ಟು ಜನ?" ಎಂದು ಕೇಳಿ. ಈಗ ಅಳೆದು ಮಾತಾಡಲು ಕಲಿತ ಮಗು ನಾಳೆ ಓದದೆ ಸಹಿ ಹಾಕಲಾರದು.