ಹಳೆ ಕಾರಿಗೆ ಹೆಚ್ಚುವರಿ ವಾರಂಟಿ ಬೇಕೇ?

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರಿಗೆ ದುಡ್ಡು ಕೊಟ್ಟು ವಾರಂಟಿ ಮಾಡಿಸುವುದು ಲಾಭವೇ?

ಉತ್ತರ: ನಮ್ಮ ಕರಾವಳಿಯಲ್ಲಿ ಹೆಚ್ಚಿನವರಿಗೆ ಲಾಭವಿಲ್ಲ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಬೈಂದೂರಿನಿಂದ ಬ್ರಹ್ಮಾವರದವರೆಗೂ ಉಪ್ಪುಗಾಳಿ, ಮಳೆನೀರು ಸೇರಿ ಕಾರಿನ ಅಡಿಭಾಗ, ಸೈಲೆನ್ಸರ್, ವೈರಿಂಗ್ ತಿನ್ನುತ್ತವೆ. ವಾರಂಟಿ ಕರಾರುಗಳು ಸಾಮಾನ್ಯವಾಗಿ ಕೈಬಿಡುವುದೂ ಇವನ್ನೇ: ತುಕ್ಕು, ನೀರು ನುಗ್ಗಿದ ಹಾನಿ, ಜೊತೆಗೆ ಸವೆಯುವ ಕ್ಲಚ್, ಬ್ರೇಕ್ ಪ್ಯಾಡ್.

ಗೇರ್‌ಬಾಕ್ಸೇ ಕೈಕೊಟ್ಟರೆ ಏನು ಗತಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಕಾರು ಆಟೊಮ್ಯಾಟಿಕ್ ಆಗಿದ್ದು, ಸರ್ವಿಸ್ ದಾಖಲೆ ಪೂರ್ತಿ ಇದ್ದು, ಕಂಪನಿಯ ವಾರಂಟಿಯೇ ನಿಮ್ಮ ಹೆಸರಿಗೆ ವರ್ಗವಾಗುವುದಾದರೆ ಧಾರಾಳವಾಗಿ ಕೊಳ್ಳಿ. ಉಳಿದವರು ಅದೇ ಹಣದಲ್ಲಿ, ಖರೀದಿಗೆ ಮೊದಲೇ, ಪರಿಚಯದ ಮೆಕ್ಯಾನಿಕ್‌ನಿಂದ ಕಾರನ್ನು ಲಿಫ್ಟ್‌ಗೆ ಏರಿಸಿ, ಒಳಗಿನ ಮ್ಯಾಟ್ ಎತ್ತಿ ತಗಡಿನ ಪರೀಕ್ಷೆ ಮಾಡಿಸಲಿ. ವಾರಂಟಿ ಕೊಳ್ಳುವುದೇ ಆದರೆ ಬಾಯಿಮಾತು ಬೇಡ. ಸಹಿ ಮಾಡಿದ ಕರಾರು ಕೈಲಿದ್ದರೆ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ನಿಮ್ಮ ವಾದ ಗಟ್ಟಿಯಾಗಿ ನಿಲ್ಲುತ್ತದೆ.